ಹಸುರು ಬೇಲಿಗಳ ನಡುವೆ ಸೈಕಲ್ ಸವಾರಿ

ಇಂಗ್ಲೆಂಡ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಲಂಡನ್ ನಗರ: ಥೇಮ್ಸ್ ನದಿ, ಅದರ ಸೇತುವೆಗಳು, ಕೆಂಪು ಬಸ್ಸುಗಳು, ಜನಜಂಗುಳಿ. ಆದರೆ ಆ ದೇಶದ ನಿಜವಾದ ಸೊಬಗನ್ನು ಕಾಣಬಯಸುವವರು ರಾಜಧಾನಿಯನ್ನು ಬಿಟ್ಟು ಹೊರಡಬೇಕು, ಹೆದ್ದಾರಿಯನ್ನೂ ಬಿಡಬೇಕು. ಎರಡು ಬದಿಗೂ ಆಳೆತ್ತರದ ಹಸುರು ಬೇಲಿ, ನಡುವೆ ಒಂದೇ ಗಾಡಿ ಹಿಡಿಸುವಷ್ಟು ಅಗಲದ ಹಾದಿ, ದಾರಿ ಕವಲೊಡೆಯುವಲ್ಲಿ ಹಳ್ಳಿಗಳ ಹೆಸರು ಹೊತ್ತು ಕೈಚಾಚಿ ನಿಂತ ಕಂಬ. ಇಂತಹ ಹಾದಿಗಳು ಆ ನಾಡಿನ ಉದ್ದಗಲಕ್ಕೂ ಬಲೆಯಂತೆ ಹಬ್ಬಿವೆ. ಕಾರಿನಲ್ಲಿ ಕುಳಿತವನಿಗೆ ಇಲ್ಲಿ ಬೇಲಿಯ ಗೋಡೆಯಷ್ಟೇ ಕಾಣುತ್ತದೆ. ಕಾಲ್ನಡಿಗೆಯವನಿಗೆ ದಿನವೊಂದಕ್ಕೆ ಎರಡು ಮೂರು ಹಳ್ಳಿಗಳಿಗಿಂತ ಹೆಚ್ಚು ದಕ್ಕುವುದಿಲ್ಲ. ಈ ಹಾದಿಗೆ ತಕ್ಕ ವಾಹನವೆಂದರೆ ಸೈಕಲ್ಲೇ ಸರಿ.

ಈ ಹಾದಿಗಳು ಹೀಗೆ ಸುತ್ತಿ ಬಳಸಿ ಸಾಗುವುದೇಕೆ? ಯಾವ ಎಂಜಿನಿಯರನೂ ನಕ್ಷೆಯ ಮೇಲೆ ಗೆರೆಯೆಳೆದು ಇವನ್ನು ನಿರ್ಮಿಸಲಿಲ್ಲ. ಹೊಲದ ಅಂಚು, ತೊರೆಯ ದಾಟು, ಚರ್ಚು, ಹಿಟ್ಟಿನ ಗಿರಣಿ ಇವನ್ನು ಒಂದಕ್ಕೊಂದು ಜೋಡಿಸುತ್ತ ಜನರೂ ದನಕುರಿಗಳೂ ಶತಮಾನಗಳ ಕಾಲ ನಡೆದು ಮಾಡಿದ ದಾರಿಗಳಿವು. ಸರ್ರೆ, ಡಾರ್ಸೆಟ್ ಪ್ರಾಂತಗಳ ಮೆದುಗಲ್ಲಿನ ನೆಲದಲ್ಲಿ ಗಾಡಿಯ ಗಾಲಿಗಳೂ ಮಳೆಯ ನೀರೂ ಕೊರೆದು ಕೊರೆದು ಕೆಲವು ಹಾದಿಗಳು ಹೊಲಗಳಿಗಿಂತ ಬಹು ಕೆಳಗೆ ಇಳಿದುಹೋಗಿವೆ; ಮೇಲೆ ಮರಗಳು ಕೈಜೋಡಿಸಿ ಚಪ್ಪರ ಕಟ್ಟಿವೆ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳು ಊರೊಟ್ಟಿನ ಭೂಮಿಗೆ ಬೇಲಿ ಹಾಕಿಸಿ ಹಂಚಿದಾಗ ಹುಟ್ಟಿದ ಹಾದಿಗಳು ಮಾತ್ರ ಸಾಮಾನ್ಯವಾಗಿ ನೇರ. ಹಾದಿಯ ತಿರುವನ್ನು ನೋಡಿಯೇ ಅದರ ವಯಸ್ಸನ್ನು ಊಹಿಸುವ ಜಾಣ ಸವಾರರೂ ಉಂಟು.

ಗಾಲಿಗೆ ದೊರೆತ ಹಕ್ಕು

ಈ ಹಾದಿಗಳ ಮೇಲಿನ ಹಕ್ಕು ಸೈಕಲ್ ಸವಾರರಿಗೆ ಸುಮ್ಮನೆ ದೊರೆಯಲಿಲ್ಲ. 1878ರಲ್ಲಿ ಹ್ಯಾರೋಗೇಟ್ ಪಟ್ಟಣದಲ್ಲಿ ಅವರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಮುಂದೆ ಅದು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸಿದ್ದೂ, ನಂಬಿ ತಂಗಬಹುದಾದ ಹೋಟೆಲುಗಳ ಗೋಡೆಗೆ ರೆಕ್ಕೆಯುಳ್ಳ ಗಾಲಿಯ ಲಾಂಛನವನ್ನು ಹಾಕಿಸಿದ್ದೂ ಈ ಸಂಘವೇ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, ಹೆಚ್ಚುಕಡಮೆ ಒಂದೇ ಗಾತ್ರದ ಎರಡು ಗಾಲಿಗಳೂ ಹಿಂದಿನ ಗಾಲಿಗೆ ಚೈನೂ ಉಳ್ಳ ರೋವರ್ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಒದಗಿಸಿದನು. ಅದೇ ವರ್ಷ ಪಾರ್ಲಿಮೆಂಟಿನ ಕಾಯಿದೆಯೊಂದು ಸೈಕಲ್ಲೂ ಒಂದು ಗಾಡಿಯೇ ಎಂದು ಸಾರಿತು. ಅಂದಿನಿಂದ ಕುದುರೆ ಸಾರೋಟಿಗೆ ಇದ್ದ ಹಕ್ಕೇ ಸೈಕಲ್ಲಿಗೂ ಬಂದಿತು.

ಹೆಂಗಸರ ಪಾಡು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಮಹಿಳೆ, ಸವಾರಿಗೆ ಅನುಕೂಲವಾದ ಸಡಿಲ ಷರಾಯಿ ತೊಟ್ಟು ಸರ್ರೆಯ ಆಕ್‌ಹ್ಯಾಮ್ ಹಳ್ಳಿಯ ಹೋಬಾಯ್ ಹೋಟೆಲಿಗೆ ಊಟಕ್ಕೆ ಹೋದರು. ಆ ಉಡುಪಿನವರಿಗೆ ಕಾಫಿ ಕೋಣೆಯಲ್ಲಿ ಸ್ಥಳವಿಲ್ಲ, ಬೇಕಾದರೆ ಗಂಡಸರು ಕುಡಿಯುವ ಕಡೆ ಕುಳಿತು ಉಣ್ಣಬಹುದು ಎಂದಳು ಹೋಟೆಲಿನ ಒಡತಿ. ಸೈಕಲ್ ಸಂಘ ಈ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ದಿತು, 1899ರಲ್ಲಿ ಸೋತಿತು. ಆದರೆ ಮೊಕದ್ದಮೆ ಬಿದ್ದುಹೋದರೂ ಹೆಂಗಸರು ಸೈಕಲ್ಲಿನಿಂದ ಇಳಿಯಲಿಲ್ಲ. ಕೊನೆಗೆ ಬದಲಾದದ್ದು ಹೋಟೆಲುಗಳೇ.

ಎರಡು ದಾರಿಗಳು

ಮೊದಲ ಸಲ ಹೊರಡುವವರಿಗೆ ಪೂರ್ವದ ಸಫಕ್ ಪ್ರಾಂತ ಮೇಲು. ಅಲ್ಲಿ ಬೆಟ್ಟವೆಂಬುದಿಲ್ಲ, ನೆಲ ಮೆಲ್ಲಗೆ ಏರಿ ಇಳಿಯುತ್ತದೆ. ಲ್ಯಾವೆನ್‌ಹ್ಯಾಮ್ ಎಂಬುದು ಉಣ್ಣೆಬಟ್ಟೆಯ ವ್ಯಾಪಾರದಿಂದ ಒಂದು ಕಾಲದಲ್ಲಿ ಸಿರಿವಂತವಾಗಿದ್ದ ಊರು. ಐದು ನೂರು ವರ್ಷಗಳ ಹಿಂದಿನ ಮರದ ಚೌಕಟ್ಟಿನ ಮನೆಗಳು ಬಾಗಿ ಬಳುಕಿ ಒಂದಕ್ಕೊಂದು ಒರಗಿ ಇಂದಿಗೂ ನಿಂತಿವೆ. ಅಲ್ಲಿಂದ ಹತ್ತು ಮೈಲಿಗೂ ಕಡಮೆ ದೂರದಲ್ಲಿ ಕರ್ಸಿ ಎಂಬ ಹಳ್ಳಿ. ಅದರ ಒಂದೇ ಬೀದಿ ಗುಡ್ಡದ ಮೇಲಿನ ಚರ್ಚಿನ ಕಡೆಯಿಂದ ಇಳಿದು, ನೇರವಾಗಿ ತೊರೆಯೊಂದರ ನೀರಿನೊಳಗೇ ಹಾಯ್ದು ಆಚೆ ಏರುತ್ತದೆ. ಸವಾರರು ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಪಕ್ಕದ ಕಾಲುಸಂಕದ ಮೇಲೆ ದಾಟುವುದು ಲೇಸು.

ಕಾಲಿನಲ್ಲಿ ಕಸುವಿದ್ದವರು ಉತ್ತರಕ್ಕೆ ಹೋಗಬೇಕು. 1994ರಲ್ಲಿ ತೆರೆದ ‘ಸಮುದ್ರದಿಂದ ಸಮುದ್ರಕ್ಕೆ’ ಎಂಬ ದಾರಿ, ಪಶ್ಚಿಮ ಕರಾವಳಿಯ ವೈಟ್‌ಹೇವನ್ನಿನಿಂದ ಪೂರ್ವದ ಸಂಡರ್‌ಲೆಂಡ್ ಇಲ್ಲವೆ ಟೈನ್‌ಮತ್‌ವರೆಗೆ ಸುಮಾರು 140 ಮೈಲಿ. ಸರೋವರಗಳ ಸೀಮೆಯನ್ನು ದಾಟಿ, ಸುಮಾರು 1,900 ಅಡಿ ಎತ್ತರದ ಹಾರ್ಟ್‌ಸೈಡ್ ಕಣಿವೆಯನ್ನು ಏರಿ, ಆಮೇಲೆ ಕಲ್ಲಿದ್ದಲು ಕಬ್ಬಿಣಗಳ ನಾಡಿಗೆ ಇಳಿಯುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುವುದರಿಂದ ಬಹುಮಂದಿ ಪೂರ್ವಾಭಿಮುಖವಾಗಿಯೇ ಹೊರಡುತ್ತಾರೆ. ಬೆನ್ನಿಗೆ ಗಾಳಿಯಿದ್ದರೆ ಅರ್ಧ ಶ್ರಮ ಉಳಿಯಿತು. ಹೊರಡುವಾಗ ಹಿಂದಿನ ಗಾಲಿಯನ್ನು ಒಂದು ಕಡಲಿನಲ್ಲಿಯೂ, ಮುಟ್ಟಿದಾಗ ಮುಂದಿನ ಗಾಲಿಯನ್ನು ಇನ್ನೊಂದು ಕಡಲಿನಲ್ಲಿಯೂ ಅದ್ದುವುದು ವಾಡಿಕೆ. 1980ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿಹೋದ ಕಾನ್ಸೆಟ್ ಊರಿನಿಂದ ಮುಂದೆ ಈ ದಾರಿ ಹಳೆಯ ರೈಲಿನ ಹಾಸಿನ ಮೇಲೆಯೇ ಸಾಗುತ್ತದೆ.

ರೈಲು ಹಳಿಯ ಜಾಗಕ್ಕೆ ಸೈಕಲ್ಲು ಬಂದ ಕಥೆಯೂ ಕೇಳತಕ್ಕದ್ದೇ. 1963ರ ಬೀಚಿಂಗ್ ವರದಿಯ ತರುವಾಯ ಬ್ರಿಟನ್ನಿನಲ್ಲಿ ಸಾವಿರಾರು ಮೈಲಿ ರೈಲುಮಾರ್ಗ ಮುಚ್ಚಿತು. 1977ರಲ್ಲಿ ಬ್ರಿಸ್ಟಲ್ ನಗರದ ಕೆಲವು ಉತ್ಸಾಹಿಗಳು ಸಂಘ ಕಟ್ಟಿಕೊಂಡು, ಪಾಳುಬಿದ್ದ ಮಾರ್ಗವೊಂದನ್ನು ತಾವೇ ಸಲಿಕೆ ಹಿಡಿದು ಸಮಮಾಡತೊಡಗಿದರು. 1986ರ ವೇಳೆಗೆ ಬ್ರಿಸ್ಟಲ್ಲಿನಿಂದ ಬಾತ್ ನಗರಕ್ಕೆ ಮೋಟಾರುಗಳಿಲ್ಲದ ಹಾದಿ ಸಿದ್ಧವಾಯಿತು. ಸಸ್ಟ್ರಾನ್ಸ್ ಎಂಬ ಹೆಸರು ಪಡೆದ ಅದೇ ಸಂಘ 2000ದ ಹೊತ್ತಿಗೆ 5,000 ಮೈಲಿಗಳ ರಾಷ್ಟ್ರೀಯ ಸೈಕಲ್ ಜಾಲವನ್ನು ತೆರೆಯಿತು.

ಮೌನಕ್ಕೆ ಬಂದ ಕುತ್ತು

ಇಷ್ಟೆಲ್ಲ ಇದ್ದರೂ ಈ ಹಾದಿಗಳ ನೆಮ್ಮದಿ ಶಾಶ್ವತವೆಂದು ತಿಳಿಯಲಾಗದು. ಬೇರೆ ಮಿತಿಯ ಫಲಕವಿಲ್ಲದ ಹಳ್ಳಿಹಾದಿಯಲ್ಲಿ, ಅದೆಷ್ಟೇ ಕಿರಿದಾಗಿರಲಿ, ಕಾರು ಗಂಟೆಗೆ 60 ಮೈಲಿ ವೇಗದವರೆಗೆ ಓಡಬಹುದೆಂದು ಕಾನೂನು ಹೇಳುತ್ತದೆ. ಹೆದ್ದಾರಿಯಲ್ಲಿ ಸಂದಣಿಯಾದಾಗ ದಾರಿ ತೋರುವ ಯಂತ್ರಗಳು ಮೋಟಾರುಗಳನ್ನು ಇತ್ತ ತಿರುಗಿಸುತ್ತವೆ. 2020ರಲ್ಲಿ ಸಸ್ಟ್ರಾನ್ಸ್ ಸಂಸ್ಥೆಯೇ ತನ್ನ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ತೆಗೆಯಬೇಕಾಯಿತು: ವಾಹನಗಳು ಹೆಚ್ಚಾದ ಆ ದಾರಿಗಳಿಗೆ ಮಕ್ಕಳನ್ನು ಕಳಿಸುವಂತಿಲ್ಲವೆಂಬುದೇ ಮುಖ್ಯ ಕಾರಣ. ಎರಡನೆಯ ಮಹಾಯುದ್ಧದ ನಂತರ ಹೊಲಗಳನ್ನು ಹಿರಿದು ಮಾಡಲು ಅಸಂಖ್ಯ ಬೇಲಿಗಳನ್ನು ಕಿತ್ತರು. ಅವುಗಳಿಗೆ ಕಾನೂನಿನ ರಕ್ಷಣೆ ದೊರೆತದ್ದು 1997ರಲ್ಲಿ.

ಪ್ರತೀಕಾರದ ಪ್ರಯತ್ನಗಳೂ ನಡೆದಿವೆ. 2000ದ ಸಾರಿಗೆ ಕಾಯಿದೆ ಕೆಲವು ಹಾದಿಗಳನ್ನು ‘ಪ್ರಶಾಂತ ಹಾದಿ’ ಎಂದು ಸಾರುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಸೈಕಲ್ಲನ್ನು ಹಿಂದೆ ಹಾಕುವ ಕಾರು ಕನಿಷ್ಠ ಒಂದೂವರೆ ಮೀಟರು ದೂರ ಬಿಡಬೇಕೆಂದು 2022ರಲ್ಲಿ ರಸ್ತೆಯ ನಿಯಮಾವಳಿ ತಿಳಿಸಿತು. ಆದರೆ ಫಲಕವೊಂದೇ ಹಾದಿಯನ್ನು ಕಾಯಲಾರದು. ಸವಾರರು ಬಾರದ ಹಾದಿ ಮೋಟಾರಿನದಾಗುತ್ತದೆ. ದಿನವೂ ನಾಲ್ಕು ಜನ ಸೈಕಲ್ಲಿನಲ್ಲಿ ಬರುವ ತಿರುವಿನಲ್ಲಿ ಕಾರಿನವನೂ ತಾನಾಗಿಯೇ ವೇಗ ತಗ್ಗಿಸುತ್ತಾನೆ.

ನಮ್ಮ ಓದುಗರಲ್ಲಿ ಮಗನನ್ನೋ ಮಗಳನ್ನೋ ನೋಡಲು ಆ ದೇಶಕ್ಕೆ ಹೋಗುವವರು ಈಗ ಅನೇಕರಿದ್ದಾರೆ. ಅಂಥವರಿಗೆ ನಾಲ್ಕು ಮಾತು: ಅಲ್ಲಿಯೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ಮೇ, ಜೂನ್ ತಿಂಗಳುಗಳು ಪ್ರಶಸ್ತ. ಬೇಲಿಗಳು ಹೂಬಿಡುವ ಕಾಲವದು, ಜೂನ್ ನಡುವೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆದರೂ ಮಳೆಯಂಗಿಯನ್ನು ಮರೆಯಬಾರದು. ಕುದುರೆ ಎದುರಾದರೆ ನಿಧಾನಿಸಿ, ದೂರದಿಂದಲೇ ಮಾತನಾಡಿಸಿ ದಾಟಬೇಕು. ಹೊಲದ ಗೇಟು ತೆರೆದರೆ ಮರಳಿ ಮುಚ್ಚಬೇಕು. ಹತ್ತು ಮೈಲಿಯ ಒಂದು ಬೆಳಗು ಸಾಕು, ಮಧ್ಯಾಹ್ನದ ಚಹಕ್ಕೆ ಯಾವುದಾದರೊಂದು ಹಳ್ಳಿ ಸಿಕ್ಕೇ ಸಿಗುತ್ತದೆ.