ಗ್ರಾನೈಟ್ ಕಟ್ಟೆಯ ಮೇಲೆ ಒಡೆದ ಪಿಂಗಾಣಿ

ಬೆಂಗಳೂರಿನ ಕಾಡುಗೋಡಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಭಾನುವಾರ ಬ್ರೆಡ್ ಪುಡಿಂಗ್ ಮಾಡಿದ್ದೆ. ಓಟಿಜಿ ಓವನ್ನಿನ ಗಂಟೆ ಟಿಣ್ ಎಂದಿತು. ಎರಡೂ ಕೈಗೆ ದಪ್ಪ ಬಟ್ಟೆ ಹಿಡಿದು ಪಿಂಗಾಣಿ ಪಾತ್ರೆಯನ್ನು ಹೊರಗೆ ತೆಗೆದು, ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಗ್ರಾನೈಟ್ ಕಟ್ಟೆಯ ಮೇಲಿಟ್ಟೆ. ಮೂರು ಎಣಿಸುವಷ್ಟರಲ್ಲಿ ಒಣ ರೆಂಬೆ ಮುರಿದಂಥ ಸದ್ದು. ಪಾತ್ರೆ ಬಿದ್ದಿರಲಿಲ್ಲ, ಯಾರ ಕೈಯೂ ತಾಗಿರಲಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಬಾಗಿದ ಗೆರೆಯೊಂದು ಹರಿದು ಎರಡು ಹೋಳಾಗಿತ್ತು. ಬಿಸಿ ಹಾಲು, ಸಕ್ಕರೆ ಪಾಕ ಕಟ್ಟೆಯಿಂದ ನೆಲಕ್ಕೆ ಇಳಿಯತೊಡಗಿತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಕಾಲಿಗೆ ಏನೂ ಆಗಲಿಲ್ಲ ಎಂಬುದೇ ದೊಡ್ಡ ಪುಣ್ಯ.

ಪಾತ್ರೆಯ ತಳದಲ್ಲಿ ‘ಓವನ್ ಸೇಫ್’ ಎಂದು ಅಚ್ಚಾಗಿತ್ತು. ಓವನ್ನಿನ ಒಳಗೆ ಅದು ನಲವತ್ತು ನಿಮಿಷ ಕೂತಿತ್ತು, ಏನೂ ಆಗಿರಲಿಲ್ಲ. ಒಡೆದದ್ದು ಹೊರಗೆ ಬಂದ ಮೇಲೆ. ಯಾಕೆ ಹೀಗೆ ಎಂದು ಹುಡುಕುತ್ತ ಹೋದಾಗ ನನಗೆ ಪಿಂಗಾಣಿಯ ಸ್ವಭಾವವೇ ಬೇರೆಯಾಗಿ ಕಂಡಿತು.

ಪಿಂಗಾಣಿ ಹುಟ್ಟುವುದೇ ಬೆಂಕಿಯಲ್ಲಿ. ಸ್ಟೋನ್‌ವೇರ್ ಎನ್ನುವ ಗಟ್ಟಿ ಪಾತ್ರೆಗಳನ್ನು ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ನಮ್ಮ ಅಡುಗೆಮನೆಯ 180 ಡಿಗ್ರಿ ಅದಕ್ಕೆ ಬೆಳಗಿನ ಎಳೆಬಿಸಿಲಷ್ಟೇ. ಅದಕ್ಕೆ ಆಗಿಬರದ ಸಂಗತಿ ಒಂದೇ, ಮೈಯ ಒಂದು ಭಾಗ ಬಿಸಿಯಿದ್ದು ಇನ್ನೊಂದು ಭಾಗ ತಣ್ಣಗಿರುವುದು. 25 ಸೆಂಟಿಮೀಟರ್ ಉದ್ದದ ಪಾತ್ರೆ 180 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಕುಗ್ಗುವುದು ಕಾಲು ಮಿಲಿಮೀಟರಿನಷ್ಟೂ ಇಲ್ಲ. ಇಡೀ ಪಾತ್ರೆ ಒಟ್ಟಿಗೆ ಕುಗ್ಗಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಆದರೆ ತಳದ ಹೊರಪದರ ಕುಗ್ಗಲು ಹೊರಟಾಗ ಒಳಗಿನ ಬಿಸಿ ಮೈ ಅದನ್ನು ಬಿಡದೆ ಹಿಡಿದುಕೊಂಡರೆ? ಲೆಕ್ಕ ಹಾಕಿದರೆ, ಆ ಎಳೆತ ಒಂದು ಚದರ ಸೆಂಟಿಮೀಟರಿಗೆ 600 ಕಿಲೋ ತೂಕದವರೆಗೂ ಏರಬಹುದು. ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಕೊಬ್ಬಿದ ಎಮ್ಮೆಯೊಂದು ಜೋತುಬಿದ್ದ ಹಾಗೆ.

ಸ್ಟೀಲ್ ತಟ್ಟೆಯಾದರೆ ಕೂದಲೆಳೆಯಷ್ಟು ಬಾಗಿ ಸುಧಾರಿಸಿಕೊಂಡೀತು. ಪಿಂಗಾಣಿಗೆ ಬಾಗಲು ಬಾರದು. ಒತ್ತಿದರೆ ಎಷ್ಟು ತಡೆಯುತ್ತದೋ, ಎಳೆದರೆ ಅದರ ಹತ್ತನೇ ಒಂದು ಪಾಲು ತಡೆದರೆ ಹೆಚ್ಚು. ಪಾತ್ರೆ ಓವನ್ನಿಗೆ ಹೋದಾಗ ಹೊರಮೈ ಮೊದಲು ಕಾದು ಹಿಗ್ಗುತ್ತದೆ, ಒಳಗಿನ ತಣ್ಣನೆ ಭಾಗ ಅದನ್ನು ಅದುಮಿ ಹಿಡಿಯುತ್ತದೆ. ಹೊರಮೈಗೆ ಬೀಳುವುದು ಒತ್ತಡ, ಅದನ್ನು ಪಿಂಗಾಣಿ ಸಹಿಸುತ್ತದೆ. ಹೊರಗೆ ಬಂದಾಗ ಎಲ್ಲ ತಿರುಗುಮುರುಗು. ಹೊರಮೈ ಮೊದಲು ಆರುತ್ತದೆ, ಎಳೆತ ಅದರ ಮೇಲೇ ಬೀಳುತ್ತದೆ. ಚಮಚ ಗೀರಿದ್ದು, ನಾರು ಉಜ್ಜಿದ್ದು, ಕಣ್ಣಿಗೆ ಕಾಣದ ಸಣ್ಣ ಸಣ್ಣ ಗಾಯಗಳು ಇರುವುದೂ ಆ ಹೊರಮೈಯಲ್ಲೇ. ಹಾಗಾಗಿ ತಣ್ಣನೆ ಪಾತ್ರೆಯನ್ನು ಬಿಸಿ ಮಾಡುವುದಕ್ಕಿಂತ, ಬಿಸಿ ಪಾತ್ರೆಯನ್ನು ಥಟ್ಟನೆ ತಣ್ಣಗೆ ಮಾಡುವುದು ಹೆಚ್ಚು ಅಪಾಯ.

ಇಲ್ಲಿ ನಮ್ಮೂರಿನ ಕಲ್ಲು ಬರುತ್ತದೆ. ಬೆಂಗಳೂರು ನಿಂತಿರುವುದೇ ಬಂಡೆಯ ಮೇಲೆ. ಕನಕಪುರದ, ಚಾಮರಾಜನಗರದ ಗ್ರಾನೈಟ್ ಈ ಊರಿನ ಅಡುಗೆಮನೆಗಳ ತುಂಬ ಇದೆ. ಗ್ರಾನೈಟ್ ಶಾಖವನ್ನು ಹೀರಿ ಸಾಗಿಸುವ ವೇಗ ಮರದ ಹತ್ತು ಪಟ್ಟಿಗೂ ಹೆಚ್ಚು. ಮೇಲೆ ನೀರಿನ ತೆಳು ಪದರ ಇದ್ದರಂತೂ ಪಾತ್ರೆಗೂ ಕಲ್ಲಿಗೂ ನಡುವಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ, ನೀರು ಆವಿಯಾಗಲು ಇನ್ನಷ್ಟು ಶಾಖ ಕಸಿಯುತ್ತದೆ. ಒಲೆ, ಓವನ್ನುಗಳ ಬಗ್ಗೆ ಎಚ್ಚರ ಹೇಳುವವರು ಬಹಳ ಮಂದಿ. ನಾನು ನೋಡಿದಂತೆ, ಕಟ್ಟೆಯ ಬಗ್ಗೆ ಎಚ್ಚರ ಹೇಳುವವರು ಕಡಿಮೆ.

ಈ ಊರಿಗೆ ಪಿಂಗಾಣಿಯ ದೊಡ್ಡ ಪರಂಪರೆಯೇ ಇದೆ. ಮಲ್ಲೇಶ್ವರದ ಅಂಚಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎದುರು, ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು. 1976ರಲ್ಲಿ ಅದು ಬಿಎಚ್‌ಇಎಲ್ ತೆಕ್ಕೆಗೆ ಬಂತು. ಅಲ್ಲಿ ತಯಾರಾಗುತ್ತಿದ್ದದ್ದು ವಿದ್ಯುತ್ ತಂತಿಗಳನ್ನು ಹೊರುವ ಇನ್ಸುಲೇಟರುಗಳು. ಇಂಥ ಇನ್ಸುಲೇಟರುಗಳಿಗೆ ಒಂದು ಕಡ್ಡಾಯ ಪರೀಕ್ಷೆಯಿದೆ. ಬಿಸಿನೀರಿನ ತೊಟ್ಟಿಯಲ್ಲಿ ಚೆನ್ನಾಗಿ ಕಾಯಿಸಿ, ತಡಮಾಡದೆ ತಣ್ಣೀರಿಗೆ ಅದ್ದುತ್ತಾರೆ. ಎರಡು ತೊಟ್ಟಿಗಳ ನಡುವೆ 70 ಡಿಗ್ರಿ ವ್ಯತ್ಯಾಸ. ಹೀಗೆ ಮೂರು ಸಲ. ಬಿಸಿಲು, ಮಳೆಯಲ್ಲಿ ದಶಕಗಟ್ಟಲೆ ಕಂಬದ ಮೇಲೆ ನಿಲ್ಲಬೇಕಾದ ಪಿಂಗಾಣಿಗೆ ಕೊಡುವ ಏಟು ಅಷ್ಟು. ನಾವು 180 ಡಿಗ್ರಿಯ ಪಾತ್ರೆಯನ್ನು 25 ಡಿಗ್ರಿಯ ಸಿಂಕಿಗೆ ಇಟ್ಟು ನಲ್ಲಿ ತಿರುಗಿಸಿದರೆ ವ್ಯತ್ಯಾಸ 155 ಡಿಗ್ರಿ.

ಕೆಲಸದ ಸಲುವಾಗಿ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಆಗಾಗ ಹೋಗುತ್ತೇನೆ. ಅಲ್ಲಿನ ಪೌಡರ್ ಕೋಟಿಂಗ್ ಶೆಡ್ಡುಗಳಲ್ಲಿ ಬಣ್ಣದ ಪುಡಿ ಬಳಿದ ಕಬ್ಬಿಣದ ಭಾಗಗಳನ್ನು ಬೇಯಿಸುವುದೂ ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ, ನಮ್ಮ ಕೇಕಿನ ಬಿಸಿಯಲ್ಲೇ. ಆದರೆ ನನಗೆ ಪಾಠವಾದದ್ದು ಪಕ್ಕದ ಹೀಟ್ ಟ್ರೀಟ್‌ಮೆಂಟ್ ಶೆಡ್. ಒಂದು ಫರ್ನೇಸಿಗೆ ಹೊಸದಾಗಿ ಒಳಲೈನಿಂಗ್ ಮಾಡಿದ್ದರು. ಸಾವಿರ ಡಿಗ್ರಿ ತಾಳುವ ಆ ಒಡಲು ಅಂದು ಸ್ವಲ್ಪವೂ ಕೆಂಪಾಗಿರಲಿಲ್ಲ. “ಇವತ್ತು ರಾತ್ರಿಯೆಲ್ಲ ನೂರರ ಆಸುಪಾಸಲ್ಲೇ ಇಡ್ತೀವಿ ಮೇಡಂ. ಅವಸರ ಮಾಡಿದ್ರೆ ಒಳಗಿನ ನೀರು ಆವಿಯಾಗಿ ಲೈನಿಂಗೇ ಕಿತ್ಕೊಂಡು ಬರುತ್ತೆ,” ಎಂದರು ಅಲ್ಲಿನ ಹಿರಿಯ ಆಪರೇಟರ್. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಕಿರಿದಾದ ರಂಧ್ರದಲ್ಲಿ ಸಿಕ್ಕಿಬಿದ್ದ ನೀರಿಗೆ ಆ ಜಾಗ ಎಲ್ಲಿಂದ ಸಿಗಬೇಕು?

ನನ್ನ ಅಜ್ಜಿ ಹೊಸ ಮಡಕೆ ಪಳಗಿಸುತ್ತಿದ್ದದ್ದು ಆಗ ನೆನಪಾಯಿತು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಅಕ್ಕಿ ತೊಳೆದ ನೀರು ತುಂಬಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸುತ್ತಿದ್ದರು. ಗಂಜಿ ರಂಧ್ರಗಳಿಗೆ ಇಳಿದು ಅವನ್ನು ಮುಚ್ಚುತ್ತಿತ್ತು. ಕಡಿಮೆ ಬಿಸಿಯಲ್ಲಿ ಸುಟ್ಟ, ಮರಳು ಬೆರೆತ ಒರಟು ಮಡಕೆ ಒಲೆಯ ಉರಿಯನ್ನೇ ತಡೆಯುವುದು ಹೇಗೆ ಎಂದು ಆಶ್ಚರ್ಯಪಡಬೇಕಿಲ್ಲ. ಅದರಲ್ಲಿ ಹುಟ್ಟಿದ ಬಿರುಕು ಮುಂದಿನ ರಂಧ್ರಕ್ಕೋ ಮರಳಿನ ಕಾಳಿಗೋ ಬಂದು ನಿಂತುಬಿಡುತ್ತದೆ. ನುಣುಪಾದ, ಗಟ್ಟಿ ಪಿಂಗಾಣಿಯಲ್ಲಿ ಓಡತೊಡಗಿದ ಬಿರುಕಿಗೆ ತಡೆಯೇ ಇಲ್ಲ. ಹಾಗಾಗಿ ಓವನ್ನಿನ ಪಿಂಗಾಣಿಯನ್ನು ಗ್ಯಾಸ್ ಒಲೆಯ ಮೇಲೆ ಇಡಲೇಬಾರದು. ಉರಿ ತಾಕುವ ತಳ ಒಂದು ಕಡೆ, ತಣ್ಣನೆ ಅಂಚು ಇನ್ನೊಂದು ಕಡೆ.

‘ಮೈಕ್ರೋವೇವ್ ಸೇಫ್’ ಎಂಬ ಗುರುತನ್ನು ನೋಡಿ ಅದನ್ನೇ ಓಟಿಜಿಗೆ ಇಡುವವರನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಕಂಡಿದ್ದೇನೆ. ಮೈಕ್ರೋವೇವ್ ಕಾಯಿಸುವುದು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು, ಅದು ನೂರು ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಓಟಿಜಿಯಲ್ಲಿ ಪಾತ್ರೆಯೇ 180, 200 ಡಿಗ್ರಿಗೆ ಹೋಗುತ್ತದೆ, ಜೊತೆಗೆ ಕೆಂಪಗೆ ಕಾದ ರಾಡುಗಳು ಒಂದು ಗೇಣು ದೂರದಲ್ಲೇ ಇರುತ್ತವೆ. ನಡುವಿನ ಕಂಬಿಯ ಮೇಲಿಟ್ಟರೆ ಶಾಖ ಸಮವಾಗಿ ತಾಗುತ್ತದೆ. ಮೇಲಿನ ರಾಡಿನ ಕೆಳಗೆ ಗ್ರಿಲ್ ಮಾಡಲು ಪಿಂಗಾಣಿ ಬೇಡ. ಫ್ರಿಜ್ಜಿನಿಂದ ತೆಗೆದದ್ದು ಕನಿಷ್ಠ ಅರ್ಧ ಗಂಟೆ ಹೊರಗಿರಲಿ. ಅರ್ಧ ಬೆಂದದ್ದಕ್ಕೆ ಹಾಲೋ ನೀರೋ ಸೇರಿಸಬೇಕಾದರೆ ಬಿಸಿ ಮಾಡಿಯೇ ಹಾಕಬೇಕು.

ಗಾಜಿನ ಪಾತ್ರೆಯ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ. 1913ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಬ್ಯಾಟರಿಯ ಗಾಜಿನ ಜಾಡಿಯೊಂದರ ತಳ ಕತ್ತರಿಸಿ ಮನೆಗೆ ತಂದರು, ಹೆಂಡತಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. 1915ರಲ್ಲಿ ಪೈರೆಕ್ಸ್ ಗಾಜಿನ ಪಾತ್ರೆ ಮಾರುಕಟ್ಟೆಗೆ ಬಂತು. ಆ ಬೋರೋಸಿಲಿಕೇಟ್ ಗಾಜು ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು; ಎಳೆತವೂ ಅಷ್ಟೇ ಕಡಿಮೆ.

ನನ್ನ ಮನೆಯಲ್ಲಿ ಈಗ ಓಟಿಜಿಯ ಪಕ್ಕ ಹಳೆಯ ಚಪಾತಿ ಮಣೆಯೊಂದು ಕಾಯಂ ಆಗಿದೆ. ಬಿಸಿ ಪಾತ್ರೆ ಇಳಿಯುವುದು ಅದರ ಮೇಲೆ, ಮುಕ್ಕಾಲು ಗಂಟೆ ಯಾರೂ ಮುಟ್ಟುವಂತಿಲ್ಲ. ಪ್ರತಿ ಸಲ ಬಳಸುವ ಮುಂಚೆ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದ ಹಾಗೆ, ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಗಟ್ಟಿಯಾದದ್ದು ಟಣ್ ಎಂದು ಮೊಳಗುತ್ತದೆ. ಹೋದ ತಿಂಗಳು ನೀಲಿ ಅಂಚಿನ ಬಟ್ಟಲು ಟಪ್ ಎಂದಿತು. ಬೆಳಕಿಗೆ ಹಿಡಿದು ಎಷ್ಟು ನೋಡಿದರೂ ಬಿರುಕು ಕಾಣಲಿಲ್ಲ, ಆದರೂ ಸದ್ದನ್ನೇ ನಂಬಿದೆ. ಈಗ ಅದರಲ್ಲಿ ಬೆಳ್ಳುಳ್ಳಿ ಇಡುತ್ತೇವೆ.