ಹಸುವಿನ ಮೈ ನೋಡಿದರಷ್ಟೇ ಸಾಲದು, ಗೋಡೆಯ ಬಿರುಕೂ ನೋಡಿ

ಕೆಚ್ಚಲಲ್ಲೇ ಕೂತಿದ್ದರೂ ಉಣ್ಣೆಗೆ ಹಾಲಿನ ರುಚಿ ತಿಳಿಯದು ಎಂದು ಹಳಬರು ಹಂಗಿಸುತ್ತಿದ್ದರು. ರುಚಿ ತಿಳಿಯದಿರಬಹುದು, ಹಾಲು ಇಳಿಸುವ ವಿದ್ಯೆ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು.

ನಮ್ಮಜ್ಜಿ ಕರೆಯಲು ಕೂರುವ ಮುಂಚೆ ಕರಟದಲ್ಲಿ ಒಂದಿಷ್ಟು ಸೀಮೆಎಣ್ಣೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದರು. ಕಿವಿಯೊಳಗೆ, ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ ಕೈಯಾಡಿಸಿ, ರಕ್ತ ಕುಡಿದು ಊದಿಕೊಂಡ ಉಣ್ಣೆಗಳನ್ನು ಕಿತ್ತು ಕರಟಕ್ಕೆ ಹಾಕುವುದು. ಮಕ್ಕಳಾದ ನಾವು ಕಿತ್ತದ್ದನ್ನು ಅಂಗಳಕ್ಕೆಸೆದರೆ ಬೈಗುಳ. ಆ ಬೈಗುಳದ ಲೆಕ್ಕ ನನಗೆ ಅರ್ಥವಾದದ್ದು ಬಹಳ ತಡವಾಗಿ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ತಾನೇ ಉದುರಿ, ಸಂದಿಯೊಂದನ್ನು ಹುಡುಕಿ, ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಕಿತ್ತು ನೆಲಕ್ಕೆಸೆದವನು ಅದರ ದಾರಿ ಸಲೀಸು ಮಾಡಿದಂತೆ.

ದನದ ಮೈಮೇಲೆ ಕಾಣುವುದು ಉಣ್ಣೆ ಸಂಸಾರದ ಸಣ್ಣ ಪಾಲು. ಉಳಿದದ್ದೆಲ್ಲ ಮೊಟ್ಟೆಯಾಗಿ, ಮರಿಯಾಗಿ ಗೋಡೆಯ ಬಿರುಕಲ್ಲಿ, ಗೋದಲಿಯ ಅಡಿಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ಮರಿಗಳು ತಿಂಗಳುಗಟ್ಟಲೆ ಉಪವಾಸವಿರಬಲ್ಲವು. ನಾವೋ, ಹಸುವಿಗೆ ಒಂದು ಸಲ ಔಷಧಿ ಹೊಡೆದು ಕೈತೊಳೆದುಕೊಳ್ಳುತ್ತೇವೆ. ಮೂರು ವಾರಕ್ಕೆ ಮತ್ತೆ ಉಣ್ಣೆ. ಆಗ ಬೈಗುಳ ಔಷಧಿಯಂಗಡಿಯವನಿಗೆ.

ರಕ್ತ ಹೋದದ್ದಕ್ಕಿಂತ ದೊಡ್ಡ ನಷ್ಟ ಉಣ್ಣೆ ಬಿಟ್ಟುಹೋಗುವ ರೋಗ. ಥೈಲೇರಿಯಾ ತಗುಲಿದ ಹಸುವಿಗೆ 104 ಡಿಗ್ರಿ ದಾಟಿದ ಜ್ವರ, ಹೆಗಲ ಮುಂದೆ ಗಡ್ಡೆ, ಬಿಳಿಚಿದ ಕಣ್ಣು. ಬೆಬೇಸಿಯಾ ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಥೈಲೇರಿಯಾ ತಾಯುಣ್ಣೆಯಿಂದ ಮೊಟ್ಟೆಗೆ ದಾಟುವುದಿಲ್ಲ, ಬೆಬೇಸಿಯಾ ದಾಟುತ್ತದೆ. ಅಂದರೆ ಅಂಥ ಉಣ್ಣೆಯ ಮರಿ ಹುಟ್ಟುವಾಗಲೇ ರೋಗ ಹೊತ್ತಿರಬಹುದು. ಬೆಬೇಸಿಯಾ ಉಣ್ಣೆಯಿಂದಲೇ ಹರಡುತ್ತದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ತೋರಿಸಿದ್ದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾ ಕಂಡದ್ದು ಅದಾದ ನಾಲ್ಕು ವರ್ಷಕ್ಕೆ. ಹೆಸರು ಮಾತ್ರ ಸೊಳ್ಳೆಗೇ ಬಂತು.

ಹಳ್ಳಿಕಾರ್, ಅಮೃತಮಹಲ್ ದನಗಳು ಈ ಉಣ್ಣೆರೋಗಗಳನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ತತ್ತರಿಸುವುದು ಎಚ್‌ಎಫ್, ಜರ್ಸಿ ಮಿಶ್ರತಳಿಗಳು. ಲೀಟರು ಹೆಚ್ಚಾದಂತೆ ಕೊಟ್ಟಿಗೆಯ ಕಾಳಜಿಯೂ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ ಎನ್ನುವುದು ನನ್ನ ತಕರಾರು. ಥೈಲೇರಿಯಾಕ್ಕೆ ಲಸಿಕೆಯುಂಟು, ಆದರೆ ಅದು ದ್ರವ ಸಾರಜನಕದಲ್ಲಿಟ್ಟು ಸಾಗಿಸಬೇಕಾದ ಜೀವಂತ ಲಸಿಕೆ, ಎಲ್ಲೆಡೆ ಸುಲಭಕ್ಕೆ ಸಿಗುವುದಿಲ್ಲ. ಬ್ಯುಪಾರ್ವಕೋನ್ ಚುಚ್ಚುಮದ್ದು ಕೆಲಸ ಮಾಡುತ್ತದೆ, ಜ್ವರದ ಮೊದಲ ದಿನಗಳಲ್ಲೇ ಕೊಟ್ಟರೆ.

ಮಲೆನಾಡಿನವರಿಗೆ ಇದು ಬರೀ ದನದ ಮಾತಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಿಂದ ಹೊರಬಿದ್ದ ಮಂಗನ ಕಾಯಿಲೆಯೂ ಉಣ್ಣೆಯದೇ. ದನಗಳನ್ನು ಆ ಕಾಯಿಲೆ ಕಾಡುವುದಿಲ್ಲ. ಆದರೆ ಕಾಡಲ್ಲಿ ಮೇಯುವ ದನದ ರಕ್ತ ಕುಡಿದೇ ಆ ಉಣ್ಣೆಗಳ ಸಂತತಿ ಬೆಳೆಯುತ್ತದೆ.

ಹಾಗಾದರೆ ಮಾಡುವುದೇನು? ಡೆಲ್ಟಾಮೆತ್ರಿನ್, ಅಮಿಟ್ರಾಜ್ ಯಾವುದೇ ಇರಲಿ, ಚೀಟಿಯ ಮೇಲಿನ ಅಳತೆಗೆ ಕಲಸಿ, ಬಿಸಿಲೇರುವ ಮುನ್ನ, ಹೊಟ್ಟೆಯಡಿ ಬಾಲದಡಿ ಬಿಡದೆ ಮೈಯೆಲ್ಲ ತೋಯಿಸಿ. ಉಳಿತಾಯವೆಂದು ನೀರು ಹೆಚ್ಚು ಬೆರೆಸಿದರೆ ಅರೆಬರೆ ಔಷಧಿಗೆ ಬದುಕುಳಿದ ಗಟ್ಟಿ ಉಣ್ಣೆಗಳೇ ಮುಂದಿನ ಪೀಳಿಗೆ ಹಡೆಯುತ್ತವೆ. ಐವರ್‌ಮೆಕ್ಟಿನ್ ಚುಚ್ಚಿಸಿ ಅದೇ ಹಸುವಿನ ಹಾಲನ್ನು ಡೈರಿಗೆ ಹಾಕುವವರಿದ್ದಾರೆ. ಹಾಲು ಕರೆಯುವ ಹಸುವಿಗೆ ಅದು ಸಲ್ಲದು. ಇನ್ನು ಗೋಡೆ. ಬಿರುಕು ಮುಚ್ಚಿ, ಸುಣ್ಣ ಬಳಿದು, ಸಗಣಿ ಗುಡ್ಡೆಯನ್ನು ದೂರ ಹಾಕಿ, ಮೈಗೆ ಹೊಡೆದ ದಿನವೇ ಕೊಟ್ಟಿಗೆಯ ಮೂಲೆಗೂ ಹೊಡೆಯಬೇಕು. ಹದಿನೈದಿಪ್ಪತ್ತು ದಿನಕ್ಕೆ ಮತ್ತೊಮ್ಮೆ. ನಾಲ್ಕು ನಾಟಿಕೋಳಿಗಳಿದ್ದರೆ, ಉದುರಿದವನ್ನು ಅವೇ ಹೆಕ್ಕುತ್ತವೆ, ಔಷಧಿಯ ಹಸಿ ಆರುವ ತನಕ ಕೂಡಿಹಾಕಿದರೆ ಸಾಕು.

ಸಂತೆಯಿಂದ ಹೊಸ ಹಸು ತಂದ ಸಂಜೆ ಎಲ್ಲರೂ ಕೆಚ್ಚಲು ನೋಡುತ್ತಾರೆ. ಅಜ್ಜಿ ಮೊದಲು ಮಡಚಿ ನೋಡುತ್ತಿದ್ದದ್ದು ಅದರ ಕಿವಿ. ಎರಡು ವಾರ ಅದಕ್ಕೆ ಹೊರಗಿನ ಹುಣಸೆಮರವೇ ಕೊಟ್ಟಿಗೆ.