ಮೊದಲು ಯಾವುದು?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ನಾಡಿನ ಚರಿತ್ರೆಯಲ್ಲಿ ಹೆಸರು ಪಡೆದ ಗ್ರಾಮ. 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದ ಅಲ್ಲಿಯ ಜನ, ಕಂದಾಯದ ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನೇ ಕಿತ್ತುಕೊಂಡರು. ನೆಲದ ಲೆಕ್ಕ ರೈತನಿಗೆ ಸಣ್ಣ ಮಾತಲ್ಲ. ಅಂತಹ ಊರಿನ ಮಕ್ಕಳಿಗೆ ಗಣಿತದ ಒಂದು ತೊಡಕನ್ನು ಬಿಡಿಸಿ ಹೇಳಲು ಹೊಲದ ಅಳತೆಗಿಂತ ಒಳ್ಳೆಯ ಸಾಧನ ಬೇರೊಂದಿಲ್ಲ.

10 + 2 × 40 ಎಂದು ಕರಿಹಲಗೆಯ ಮೇಲೆ ಬರೆದರೆ ಕೆಲವು ಮಕ್ಕಳು 480 ಎನ್ನುತ್ತಾರೆ, ಕೆಲವರು 90 ಎನ್ನುತ್ತಾರೆ. ಗುಣಾಕಾರ ಮೊದಲು, ಸಂಕಲನ ಅನಂತರ ಎಂದು ನಿಯಮ ಹೇಳಿ ಉಪಾಧ್ಯಾಯರು ಮುಂದೆ ಸಾಗಬಹುದು. ಆದರೆ ಕಾರಣ ತಿಳಿಯದೆ ಕಲಿತ ನಿಯಮ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಅದೇ ಲೆಕ್ಕವನ್ನು ಜಮೀನಿನ ಮಾತಿನಲ್ಲಿ ಹೇಳಿ ನೋಡಬೇಕು. ರೈತನೊಬ್ಬನಿಗೆ 10 ಗುಂಟೆ ಗದ್ದೆಯೂ 2 ಎಕರೆ ಹೊಲವೂ ಇವೆ. ಎಕರೆಗೆ 40 ಗುಂಟೆ. ಒಟ್ಟು ಎಷ್ಟು ಗುಂಟೆ? ಗುಂಟೆಗೆ ಎಕರೆಯನ್ನು ಕೂಡಿಸಿ 12 ಎನ್ನುವ ರೈತನ ಮಗ ಯಾವ ಊರಿನಲ್ಲಿಯೂ ಸಿಗಲಾರ. ಎಕರೆಯನ್ನು ಮೊದಲು ಗುಂಟೆ ಮಾಡಿಕೊಂಡು, ಬಳಿಕ ಕೂಡಿಸಬೇಕು: 10 + 80 = 90. ಹೀಗಿರುವಾಗ 480 ಎಂದ ಬಾಲಕನು ಎರಡೂಕಾಲು ಎಕರೆಯ ಒಡೆಯನನ್ನು ಹನ್ನೆರಡು ಎಕರೆಯ ಜಮೀನುದಾರನನ್ನಾಗಿ ಮಾಡಿದಂತಾಯಿತು!

ಹಾಗೆಂದು ಈ ಕ್ರಮ ಪ್ರಕೃತಿ ವಿಧಿಸಿದ ಕಟ್ಟಳೆಯಲ್ಲ. ಬರೆದವನೂ ಓದಿದವನೂ ಒಂದೇ ಅರ್ಥವನ್ನು ಗ್ರಹಿಸಲೆಂದು ಮಾಡಿಕೊಂಡ ಒಪ್ಪಂದ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ರಚಿಸಿದ ರಾಜಾದಿತ್ಯನ ಕಾಲಕ್ಕೆ ಇಂದಿನ ಚಿಹ್ನೆಗಳಿರಲಿಲ್ಲ. ಯಾವುದನ್ನು ಗುಣಿಸಿ ಯಾವುದನ್ನು ಕೂಡಿಸಬೇಕೆಂಬುದನ್ನು ಮಾತಿನಲ್ಲಿಯೇ ಹೇಳಬೇಕಾಗಿತ್ತು. ಮಾತಿನ ಸ್ಥಾನಕ್ಕೆ ಚಿಹ್ನೆ ಬಂದ ಮೇಲೆ ಒಪ್ಪಂದ ಅನಿವಾರ್ಯವಾಯಿತು.

ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವ 'ಬಾಡ್‌ಮಾಸ್' ಎಂಬ ಸೂತ್ರ ಉಪಕಾರಿಯೇ. ಆದರೆ ಅದರಲ್ಲೊಂದು ಮೋಸವಿದೆ. ಸಂಕಲನದ ಅಕ್ಷರ ಮೊದಲು ಬರುವುದರಿಂದ 40 − 15 + 5 ಎಂಬಲ್ಲಿ ಮಕ್ಕಳು 15ಕ್ಕೆ 5 ಕೂಡಿಸಿ, 40ರಿಂದ ಕಳೆದು, 20 ಎನ್ನುತ್ತಾರೆ. 40 ಗುಂಟೆಯಲ್ಲಿ 15 ಮಾರಿ, 5 ಕೊಂಡವನಿಗೆ ಉಳಿಯುವುದು 30 ಗುಂಟೆ. ಸಂಕಲನ, ವ್ಯವಕಲನಗಳು ಸರಿಸಮಾನ. ಗುಣಾಕಾರ, ಭಾಗಾಕಾರಗಳೂ ಹಾಗೆಯೇ. ಸಮಾನವಾದವುಗಳನ್ನು ಎಡದಿಂದ ಬಲಕ್ಕೆ ಮಾಡುತ್ತ ಹೋಗಬೇಕು.

ಇನ್ನು ಆವರಣದ ವಿಷಯ. ಆ 90 ಗುಂಟೆಯನ್ನು ಅಣ್ಣತಮ್ಮಂದಿರಿಬ್ಬರು ಹಂಚಿಕೊಳ್ಳಬೇಕಾದರೆ (10 + 2 × 40) ÷ 2 ಎಂದು ಬರೆಯಬೇಕು. ತಲಾ 45 ಬರುತ್ತದೆ. ಆವರಣವನ್ನು ಮರೆತರೆ 10 ಗುಂಟೆ ಗದ್ದೆ ಪಾಲಾಗದೆ ಉಳಿದು, ಉತ್ತರ 50 ಆಗುತ್ತದೆ. ಇಬ್ಬರಿಗೂ ಐವತ್ತರಂತೆ ಕೊಡಲು ಉಳಿದ 10 ಗುಂಟೆಯನ್ನು ಪಕ್ಕದ ಹೊಲದವನಲ್ಲಿ ಕೇಳಬೇಕಾದೀತು.